ಟಿಯೆ ಗ್ವಾನ್ ಯಿನ್ ತಂದಿದ್ದೀರಾ? ಹೂವಿನ ಘಮ ಬರುವ ಹಾಗೆ ಸೋಸುವ ಬಗೆ

"ಚೀನಾದ ಊಲಾಂಗ್ ಚಹಾ ತರಿಸಿದೆ. ಪೊಟ್ಟಣ ಬಿಚ್ಚಿದಾಗ ಘಮಘಮ ಅಂತು. ಸೋಸಿ ಕುಡಿದರೆ ಸಪ್ಪೆ. ಇನ್ನೊಂದು ಸಲ ಚೆನ್ನಾಗಿ ಕುದಿಸಿ ನೋಡಿದೆ, ಬರೀ ಕಹಿ. ತಪ್ಪು ಎಲ್ಲಾಗಿದೆ?"

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನನಗೆ ಬರುತ್ತಲೇ ಇರುತ್ತದೆ. ಕೇಳುವವರ ಕೈಯಲ್ಲಿರುವುದು ಹೆಚ್ಚಾಗಿ ಒಂದೇ ಚಹಾ, ಟಿಯೆ ಗ್ವಾನ್ ಯಿನ್. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಟೀ ಲೆಕ್ಕ ಇದಕ್ಕೆ ಒಗ್ಗುವುದಿಲ್ಲ. ನಾವು ಪುಡಿ ಸ್ವಲ್ಪ ಹಾಕಿ, ಹೊತ್ತು ಜಾಸ್ತಿ ಕುದಿಸುತ್ತೇವೆ. ಇಲ್ಲಿ ಎಲೆ ಜಾಸ್ತಿ, ಹೊತ್ತು ಕಡಿಮೆ. ಅದೇ ಎಲೆಗೆ ಆರೇಳು ಸಲ ಬಿಸಿನೀರು ಹಾಕಿ ಪುಟ್ಟ ಪುಟ್ಟ ಲೋಟದಲ್ಲಿ ಕುಡಿಯುವುದು. ಇಷ್ಟು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಮುಂದೆ ಓದಿ.

ಇದು ಯಾವ ಚಹಾ?

ಚೀನಾದ ಫುಜಿಯಾನ್ ಪ್ರಾಂತ್ಯದ ದಕ್ಷಿಣದಲ್ಲಿ ಆನ್‌ಶಿ ಎಂಬ ಬೆಟ್ಟದ ಸೀಮೆ ಇದೆ. ಟಿಯೆ ಗ್ವಾನ್ ಯಿನ್ ಅಲ್ಲಿಯದು. ಇದು ಚಹಾದ ಹೆಸರೂ ಹೌದು, ಗಿಡದ ತಳಿಯ ಹೆಸರೂ ಹೌದು. ಊಲಾಂಗ್ ಎಂದರೆ ಹಸಿರು ಚಹಾಕ್ಕೂ ನಮ್ಮ ಮಾಮೂಲಿ ಕಪ್ಪು ಚಹಾಕ್ಕೂ ನಡುವಿನದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ವಾ? ಚಹಾ ಎಲೆಯೂ ಜಜ್ಜಿದಾಗ ಹಾಗೇ ಬಣ್ಣ ತಿರುಗುತ್ತದೆ. ಅದಕ್ಕೆ ಆಕ್ಸಿಡೇಷನ್ ಅನ್ನುತ್ತಾರೆ. ಹಸಿರು ಚಹಾದಲ್ಲಿ ಅದನ್ನು ಶುರುವಿನಲ್ಲೇ ತಡೆಯುತ್ತಾರೆ, ಕಪ್ಪು ಚಹಾದಲ್ಲಿ ಪೂರ್ತಿ ಆಗಲು ಬಿಡುತ್ತಾರೆ. ಊಲಾಂಗ್‌ನಲ್ಲಿ ಅರ್ಧದಾರಿಯಲ್ಲಿ ನಿಲ್ಲಿಸುತ್ತಾರೆ.

ಆ ಅರ್ಧದಾರಿಯಲ್ಲೇ ಘಮ ಹುಟ್ಟುವುದು. ನಮ್ಮ ಕಡೆಯ ತೋಟಗಳಲ್ಲಿ ಎರಡೆಲೆ ಒಂದು ಕುಡಿ ಕೀಳುತ್ತಾರೆ. ಆನ್‌ಶಿಯಲ್ಲಿ ಕುಡಿ ಬಿಚ್ಚಿಕೊಂಡು ಎಲೆ ಬಲಿಯುವವರೆಗೂ ಕಾಯುತ್ತಾರೆ. ಕಿತ್ತ ಎಲೆಯನ್ನು ಸಂಜೆಯ ಇಳಿಬಿಸಿಲಿಗೆ ಹರಡಿ ಬಾಡಿಸುತ್ತಾರೆ. ಆಮೇಲೆ ರಾತ್ರಿಯಿಡೀ ಬಿದಿರಿನ ಉರುಳೆಯಲ್ಲಿ ಹಾಕಿ ಅಲುಗಿಸುವುದು, ಆರಲು ಬಿಡುವುದು, ಮತ್ತೆ ಅಲುಗಿಸುವುದು. ಹೀಗೆ ಮಾಡಿದಾಗ ಎಲೆಯ ಅಂಚು ಮಾತ್ರ ತರಚಿ ಕೆಂಪಾಗುತ್ತದೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಘಮ ನೋಡಿಕೊಂಡು ಸರಿಯಾದ ಗಳಿಗೆಯಲ್ಲಿ ಬಿಸಿ ಬಾಣಲೆಗೆ ಹಾಕಿ ಬಣ್ಣ ತಿರುಗುವುದನ್ನು ನಿಲ್ಲಿಸುತ್ತಾರೆ. ನಂತರ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಹೊಸೆಯುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಎಷ್ಟೋ ಸಲ ಇದನ್ನೇ ಮಾಡಿದ ಮೇಲೆ ಎಲೆ ಗಟ್ಟಿ ಉಂಡೆಯಾಗುತ್ತದೆ. ಈ ಉಂಡೆಯ ವಿಷಯ ನೆನಪಿರಲಿ, ನೀರಿನ ಬಿಸಿಯ ಮಾತು ಬಂದಾಗ ಬೇಕಾಗುತ್ತದೆ.

ಹೆಸರಿನ ಅರ್ಥ 'ಕಬ್ಬಿಣದ ಗ್ವಾನ್ ಯಿನ್'. ಎಲೆ ಕಡುಬಣ್ಣದ್ದು, ಕೈಗೆ ತೂಕ ಬರುತ್ತದೆ, ಅದಕ್ಕೆ ಕಬ್ಬಿಣ. ಗ್ವಾನ್ ಯಿನ್ ಎಂದರೆ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಚೀನಾಕ್ಕೆ ಹೋಗಿ ಹೆಣ್ಣುರೂಪ ತಾಳಿದ ದೇವತೆ. ನಮಗೆ ಅಷ್ಟೇನೂ ದೂರದವಳಲ್ಲ: ಮಂಗಳೂರಿನ ಕದ್ರಿಯಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹವಿದೆಯಲ್ಲ, ಅದು ಅವಲೋಕಿತೇಶ್ವರನೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಆನ್‌ಶಿಯ ಶಿಪಿಂಗ್ ಎಂಬ ಊರಿನವರು ಎರಡು ಕಥೆ ಹೇಳುತ್ತಾರೆ. ದಿನವೂ ಗ್ವಾನ್ ಯಿನ್‌ಗೆ ಚಹಾ ನೈವೇದ್ಯ ಮಾಡುತ್ತಿದ್ದ ವೇಯ್ ಯಿನ್ ಎಂಬ ರೈತನಿಗೆ ಕನಸಿನಲ್ಲಿ ಈ ಗಿಡ ಕಂಡಿತಂತೆ. ಇನ್ನೊಂದು ಮನೆತನದವರ ಪ್ರಕಾರ ವಾಂಗ್ ಎಂಬ ಪಂಡಿತ ಕಂಡುಹಿಡಿದದ್ದು, ಹೆಸರಿಟ್ಟದ್ದು ಚಿಯೆನ್‌ಲುಂಗ್ ಚಕ್ರವರ್ತಿ. ಎರಡೂ 18ನೇ ಶತಮಾನದ ಕಥೆಗಳು. ಯಾವುದು ನಿಜ ಎಂಬ ಜಗಳ ಅವರಿಗೇ ಬಿಡೋಣ.

ಏನೇನು ಬೇಕು?

• 100ರಿಂದ 120 ಮಿಲಿ ಹಿಡಿಸುವ ಗೈವಾನ್. ಗೈವಾನ್ ಎಂದರೆ ಮುಚ್ಚಳ ಮತ್ತು ತಟ್ಟೆ ಇರುವ ಪಿಂಗಾಣಿ ಬಟ್ಟಲು. ಸಿಗದಿದ್ದರೆ ಸಣ್ಣ ಪಿಂಗಾಣಿ ಕಪ್ಪು, ಅದರ ಮೇಲೆ ಸರಿಯಾಗಿ ಕೂರುವ ಸಾಸರು ಸಾಕು.
• ಸೋಸಿದ್ದನ್ನು ಬಗ್ಗಿಸಲು ಒಂದು ಗಾಜಿನ ಲೋಟ, ಸಣ್ಣ ಜರಡಿ.
• ಎರಡು ಗುಟುಕಿನ ಪುಟ್ಟ ಕಪ್ಪುಗಳು.
• ಅಡುಗೆಮನೆಯ ಗ್ರಾಂ ತಕ್ಕಡಿ. ಇಲ್ಲದಿದ್ದರೆ ಚಮಚ.

ಸ್ಟೀಲ್ ಲೋಟದಲ್ಲಿ ಮಾಡಬಹುದಾ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಕೈ ಸುಡುತ್ತದೆ, ಮುಚ್ಚಳಕ್ಕೆ ಹತ್ತಿದ ಘಮವೂ ಸರಿಯಾಗಿ ತಿಳಿಯುವುದಿಲ್ಲ. ದುಬಾರಿ ಮಣ್ಣಿನ ಟೀಪಾಟ್ ಈಗಲೇ ಕೊಳ್ಳಬೇಡಿ. ಅದು ಘಮವನ್ನು ತಾನೇ ಹೀರಿಕೊಳ್ಳುತ್ತದೆ. ಕಲಿಯುವವರಿಗೆ ಪಿಂಗಾಣಿಯೇ ಸರಿ.

ಹಂತ 1: ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳಿ

ಹೆಚ್ಚು ಜನ ಎಡವುವುದು ಇಲ್ಲೇ. ಟಿಯೆ ಗ್ವಾನ್ ಯಿನ್ ಅಂದ ಮಾತ್ರಕ್ಕೆ ಒಂದೇ ರುಚಿ ಇರುವುದಿಲ್ಲ. ಮುಖ್ಯವಾಗಿ ಮೂರು ಬಗೆ.

ಚಿಂಗ್‌ಶಿಯಾಂಗ್, ಅಂದರೆ ತಿಳಿ ಘಮದ್ದು. ಉಂಡೆಗಳು ಹೊಳಪು ಹಸಿರು. ಸೋಸಿದ ನೀರು ತಿಳಿಹಳದಿ ಹಸಿರು. ಅಂಗಡಿಯಲ್ಲಿ ಈಗ ಜಾಸ್ತಿ ಸಿಗುವುದು ಇದೇ. ಆದರೆ ಇದು ಹಳೆಯ ಪದ್ಧತಿಯದ್ದಲ್ಲ. 1990ರ ದಶಕದಿಂದ ಈಚೆಗೆ, ತೈವಾನಿನ ತಿಳಿ ಊಲಾಂಗ್‌ಗಳ ಪ್ರಭಾವದಿಂದ ಬೆಳೆದದ್ದು. ರುಚಿಯಲ್ಲಿ ಹಸಿತನ, ಹೂವಿನ ಘಮ, ಸ್ವಲ್ಪ ಹಾಲುಕೆನೆಯ ನುಣುಪು.

ನುಂಗ್‌ಶಿಯಾಂಗ್, ಅಂದರೆ ಗಾಢ ಘಮದ್ದು. ಎಲೆಯನ್ನು ಹೆಚ್ಚು ಬಣ್ಣ ತಿರುಗಿಸಿ, ಆಮೇಲೆ ಇದ್ದಿಲ ಕಾವಿನಲ್ಲೋ ಓವನ್‌ನಲ್ಲೋ ನಿಧಾನಕ್ಕೆ ಹುರಿದಿರುತ್ತಾರೆ. ಉಂಡೆ ಕಂದು, ನೀರು ಜೇನುಬಣ್ಣ. ಹುರಿಗಡಲೆ, ಬೆಲ್ಲದ ಪಾಕ, ಅದರ ಹಿಂದೆ ಹಣ್ಣಿನ ಸಿಹಿ. ಹೂವು ಇರುತ್ತದೆ, ಆದರೆ ಹಿಂದೆ ಸರಿದಿರುತ್ತದೆ. ನನ್ನನ್ನು ಕೇಳಿದರೆ ಫಿಲ್ಟರ್ ಕಾಫಿಯಲ್ಲಿ ಪಳಗಿದ ನಾಲಿಗೆಗೆ ಇದೇ ಬೇಗ ಹಿಡಿಸುತ್ತದೆ.

ಚೆನ್‌ಶಿಯಾಂಗ್, ಹಳೆಯದು. ಐದು ವರ್ಷಕ್ಕೂ ಮೇಲ್ಪಟ್ಟು ಇಟ್ಟು, ಮತ್ತೆ ಹುರಿದದ್ದು. ಮೊದಲ ಸಲಕ್ಕೇ ಕೊಳ್ಳಬೇಡಿ. ಹಳಸಿದ ಚಹಾವನ್ನೇ 'ಹಳೆಯದು' ಎಂದು ಮಾರುವವರಿದ್ದಾರೆ.

ತೈಪೆಯ ಮುಝಾ ಬೆಟ್ಟದಲ್ಲೂ ಇದೇ ಹೆಸರಿನ ಚಹಾ ಮಾಡುತ್ತಾರೆ. ಗಿಡ ಆನ್‌ಶಿಯಿಂದಲೇ ಹೋದದ್ದು. ಹುರಿಯುವುದು ಗಾಢ. ಪೊಟ್ಟಣದ ಮೇಲೆ ತೈವಾನ್ ಅಂತಿದ್ದರೆ ಅದನ್ನು ಗಾಢ ಬಗೆಯಂತೆಯೇ ಸೋಸಿ.

ಹಂತ 2: ಕೊಳ್ಳುವಾಗ ನೋಡಬೇಕಾದದ್ದು

ಮೊದಲು ಋತು. ವರ್ಷದಲ್ಲಿ ಹಲವು ಸಲ ಎಲೆ ಕೀಳುತ್ತಾರಾದರೂ ಒಳ್ಳೆಯದು ಎರಡೇ: ಮೇ ತಿಂಗಳ ಆಸುಪಾಸಿನ ವಸಂತದ್ದು, ಅಕ್ಟೋಬರ್ ಹೊತ್ತಿನ ಶರತ್ಕಾಲದ್ದು. ಅಲ್ಲಿ ಒಂದು ಮಾತಿದೆ, 'ವಸಂತದ ನೀರು, ಶರತ್ತಿನ ಘಮ' ಅಂತ. ವಸಂತದ ಚಹಾ ಬಾಯಲ್ಲಿ ದುಂಡಗೆ ತುಂಬಿಕೊಳ್ಳುತ್ತದೆ, ಶರತ್ತಿನದು ಮೂಗಿಗೆ ಹಬ್ಬ. ಬೇಸಿಗೆಯದು ಅಗ್ಗ, ಆದರೆ ಒಗರು. ಋತು ಬರೆದಿರದ ಪೊಟ್ಟಣಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಎರಡನೆಯದು, ಪೊಟ್ಟಣ ತುಂಬಿದ ದಿನಾಂಕ. ತಿಳಿ ಬಗೆ ವರ್ಷದೊಳಗಿನದಾಗಿರಬೇಕು, ಆರು ತಿಂಗಳೊಳಗಾದರೆ ಇನ್ನೂ ಒಳ್ಳೆಯದು. ಮೊದಲ ಸಲಕ್ಕೆ ಅರ್ಧ ಕಿಲೋ ಡಬ್ಬಿ ಬೇಡ. 7 ಅಥವಾ 8 ಗ್ರಾಂನ ಗಾಳಿ ತೆಗೆದ ಪುಟ್ಟ ಪೊಟ್ಟಣಗಳಲ್ಲಿ ಬರುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ಒಂದು ಪೊಟ್ಟಣ ಒಂದು ಗೈವಾನಿಗೆ ಸರಿಯಾಗುತ್ತದೆ.

ಮೋಸ ಎಲ್ಲೆಲ್ಲಿ ಆಗುತ್ತದೆ? ಆನ್‌ಶಿಯಲ್ಲೇ ಬೆಳೆಯುವ ಬೆನ್‌ಶಾನ್, ಮಾವ್‌ಶಿಯೆ, ಹುವಾಂಗ್‌ಜಿನ್‌ಗ್ವೇಯ್ ಎಂಬ ಬೇರೆ ತಳಿಗಳಿವೆ. ಅವೂ ಒಳ್ಳೆಯ ಚಹಾಗಳೇ, ಬೆಲೆ ಮಾತ್ರ ಕಡಿಮೆ. ಅದರಲ್ಲೂ ಬೆನ್‌ಶಾನ್ ನೋಡಲು ತೀರಾ ಹತ್ತಿರ, ಹಾಗಾಗಿ ಹೆಸರು ಬದಲಿಸಿ ಮಾರುವುದು ಸುಲಭ. ಇನ್ನೊಂದು, ಪರಿಮಳ ಬೆರೆಸಿದ್ದು. ಒಣ ಉಂಡೆಯೇ ಸೆಂಟಿನ ಬಾಟಲಿಯಂತೆ ಮೂಗಿಗೆ ಹೊಡೆದು, ಎರಡನೇ ಸಲ ಸೋಸುವಷ್ಟರಲ್ಲಿ ಮಾಯವಾದರೆ ಅನುಮಾನಿಸಿ. ಮೂರನೆಯದು, ಜಿನ್‌ಸೆಂಗ್ ಊಲಾಂಗ್. ಅದೂ ಉಂಡೆಯೇ, ಆದರೆ ಮೇಲೆ ಹಸಿರು ಹಿಟ್ಟಿನ ಲೇಪ, ಅದರಲ್ಲಿ ಜೇಷ್ಠಮಧು ಇರುತ್ತದೆ. ನಾಲಿಗೆಗೆ ಇಟ್ಟರೆ ನೇರವಾಗಿ ಸಿಹಿ. ಅದು ಬೇರೆಯೇ ಸರಕು.

'ತೂಕ ಇಳಿಸುವ ಚಹಾ' ಅಂತ ಬರೆದ ಪೊಟ್ಟಣ ಕಂಡರೆ ನಾನು ಮುಂದೆ ಹೋಗುತ್ತೇನೆ. ರುಚಿಯ ಮೇಲೆ ನಂಬಿಕೆ ಇರುವವರು ಹಾಗೆ ಬರೆಯುವುದಿಲ್ಲ.

ಹಂತ 3: ಒಣ ಎಲೆ ನೋಡಿ, ಸದ್ದು ಕೇಳಿ

ಒಳ್ಳೆಯ ಎಲೆ ಬಿಗಿಯಾಗಿ ಸುರುಳಿಸುತ್ತಿಕೊಂಡು ಗಟ್ಟಿಯಾಗಿರುತ್ತದೆ. ಆಕಾರಕ್ಕೆ ಅಲ್ಲಿಯವರು 'ಏರೋಪ್ಲೇನ್ ಚಿಟ್ಟೆಯ ತಲೆ' ಎನ್ನುತ್ತಾರೆ. ಖಾಲಿ ಗೈವಾನಿಗೆ ಹಾಕಿದಾಗ ಕಿಣಕಿಣ ಎಂದು ಸದ್ದು ಬರಬೇಕು. ಸದ್ದಿಲ್ಲದೆ ಉದುರಿದರೆ ಸಡಿಲವಾಗಿ ಹೊಸೆದದ್ದು, ಇಲ್ಲವೇ ತೇವ ಹಿಡಿದದ್ದು. ಪುಡಿ, ಕಡ್ಡಿ ಜಾಸ್ತಿ ಇರಬಾರದು.

ಹಂತ 4: ನೀರು

ಚಹಾ ಎಷ್ಟೇ ದುಬಾರಿಯಾದರೂ ಗಡಸು ನೀರು ಅದನ್ನು ಮಣ್ಣುಪಾಲು ಮಾಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಸೋಸಿದರೆ ಬಣ್ಣ ಮಂಕಾಗುತ್ತದೆ, ಮೇಲೆ ತೆಳು ಪೊರೆ ಕಟ್ಟುತ್ತದೆ, ಹೂವು ಹುಡುಕಿದರೂ ಸಿಗುವುದಿಲ್ಲ. ಆರ್‌ಒ ಫಿಲ್ಟರ್ ನೀರು ಇದ್ದರೆ ಒಳ್ಳೆಯದು. ತೀರಾ ಲವಣವಿಲ್ಲದ ನೀರೂ ಸಪ್ಪೆಯೇ. ನಿಮ್ಮ ಫಿಲ್ಟರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಲವಣದ ಲೆಕ್ಕ, 50ರಿಂದ 100ರ ನಡುವೆ ಇದ್ದರೆ ನನ್ನ ಅನುಭವದಲ್ಲಿ ಚೆನ್ನಾಗಿ ಬರುತ್ತದೆ.

ಬಿಸಿ ಎಷ್ಟು? ಕೆಲವು ಪೊಟ್ಟಣಗಳ ಮೇಲೆ 80 ಡಿಗ್ರಿ ಅಂತ ಬರೆದಿರುತ್ತದೆ. ಅದು ಹಸಿರು ಚಹಾದ ಲೆಕ್ಕ. ಇಲ್ಲಿ ಎಲೆ ಬಿಗಿದ ಉಂಡೆ. ಆ ಬಿಸಿಗೆ ಅದು ಬಿಚ್ಚಿಕೊಳ್ಳುವುದೇ ಇಲ್ಲ. ಸಪ್ಪೆ ಆಯಿತು ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ತಿಳಿ ಬಗೆಗೆ 95 ಡಿಗ್ರಿ, ಗಾಢ ಬಗೆಗೆ ಕುದಿಯುತ್ತಿರುವ ನೀರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಯವರು ಕುದಿ ಬಂದ ತಕ್ಷಣ ಸುರಿಯಿರಿ, ಯಾವ ಬಗೆಯಾದರೂ ಸರಿ. ಮಂಗಳೂರು, ಕಾರವಾರದವರು ತಿಳಿ ಬಗೆಗೆ ಅರ್ಧ ನಿಮಿಷ ಮುಚ್ಚಳ ತೆಗೆದು ಕಾಯಿರಿ.

ಹಂತ 5: ಪಾತ್ರೆ ಕಾಯಿಸಿ, ಎಲೆ ಹಾಕಿ

ಗೈವಾನಿಗೂ ಕಪ್ಪುಗಳಿಗೂ ಬಿಸಿನೀರು ಹಾಕಿ ಚೆಲ್ಲಿ. ತಣ್ಣನೆಯ ಪಿಂಗಾಣಿ ನೀರಿನ ಬಿಸಿಯನ್ನು ಕೂಡಲೇ ಇಳಿಸಿಬಿಡುತ್ತದೆ. ಈಗ 7 ಗ್ರಾಂ ಎಲೆ ಹಾಕಿ. ತಕ್ಕಡಿ ಇಲ್ಲದಿದ್ದರೆ ಟೀ ಚಮಚದಲ್ಲಿ ಎರಡು ತುಂಬ. ತಳದಲ್ಲಿ ಒಂದೇ ಪದರದಷ್ಟು ಕಾಣುತ್ತದೆ. ಇಷ್ಟೇನಾ ಅಂತ ಇನ್ನೊಂದು ಚಮಚ ಸೇರಿಸಬೇಡಿ. ಮೂರನೇ ಸಲಕ್ಕೆ ಎಲೆ ಅರಳಿ ಮುಚ್ಚಳವನ್ನೇ ಎತ್ತುತ್ತದೆ.

ಮುಚ್ಚಿ, ಒಂದೆರಡು ಸಲ ಮೆಲ್ಲಗೆ ಕುಲುಕಿ, ಮುಚ್ಚಳ ತೆಗೆದು ಮೂಸಿ. ಬಿಸಿ ಪಾತ್ರೆಯಲ್ಲಿ ಒಣ ಎಲೆಯ ಘಮ ಮೇಲೇಳುತ್ತದೆ. ಹಳಸಿದ್ದಾದರೆ ಇಲ್ಲೇ ಗೊತ್ತಾಗುತ್ತದೆ: ಹಳೆ ಎಣ್ಣೆಯ, ಇಲ್ಲವೇ ರಟ್ಟಿನ ಡಬ್ಬಿಯ ವಾಸನೆ.

ಹಂತ 6: ತೊಳೆಯುವ ನೀರು

ನೀರು ಸುರಿದು ಐದು ಸೆಕೆಂಡಿನಲ್ಲಿ ಬಗ್ಗಿಸಿ ಚೆಲ್ಲಿ. ಇದು ಎಲೆಯನ್ನು ಎಬ್ಬಿಸಲು, ದೂಳು ಹೋಗಲು. ಇದರಿಂದ ಕೆಫೀನ್ ಹೋಗಿಬಿಡುತ್ತದೆ ಎಂದು ಹೇಳುವವರಿದ್ದಾರೆ. ಹೋಗುವುದಿಲ್ಲ, ಐದು ಸೆಕೆಂಡಿಗೆ ತೀರಾ ಸ್ವಲ್ಪ ಇಳಿಯುತ್ತದೆ ಅಷ್ಟೆ. ಚೆಲ್ಲಿದ ಮೇಲೆ ಮುಚ್ಚಳ ಹಾಕಿ ಅರ್ಧ ನಿಮಿಷ ಸುಮ್ನೆ ಬಿಡಿ. ಒಳಗಿನ ಹಬೆಗೆ ಉಂಡೆ ಸಡಿಲವಾಗುತ್ತದೆ.

ಹಂತ 7: ಸೋಸುವುದು

ನೀರನ್ನು ಸ್ವಲ್ಪ ಎತ್ತರದಿಂದ, ಅಂಚಿನ ಸುತ್ತ ಸುರಿಯಿರಿ. ಸಮಯ ಹೀಗಿರಲಿ:

ತಿಳಿ ಬಗೆ: ಮೊದಲ ಸಲ 20 ಸೆಕೆಂಡು, ಎರಡನೆಯದು 15, ಮೂರನೆಯದು 20, ನಾಲ್ಕನೆಯದು 30. ಅಲ್ಲಿಂದ ಮುಂದೆ ಪ್ರತಿ ಸಲಕ್ಕೂ 15 ಸೆಕೆಂಡು ಕೂಡಿಸುತ್ತಾ ಹೋಗಿ.

ಗಾಢ ಬಗೆ: ಮೊದಲ ಮೂರೂ ಸಲ 10ರಿಂದ 15 ಸೆಕೆಂಡು. ಆಮೇಲೆ ನಿಧಾನಕ್ಕೆ ಏರಿಸಿ.

ಎರಡನೆಯದಕ್ಕೆ ಯಾಕೆ ಕಡಿಮೆ ಅಂದರೆ, ಅಷ್ಟು ಹೊತ್ತಿಗೆ ಎಲೆ ಬಿಚ್ಚಿಕೊಂಡು ಸಾರ ಬೇಗ ಬಿಡಲು ಶುರುಮಾಡಿರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಪೂರ್ತಿ ಬಗ್ಗಿಸದೆ ತಳದಲ್ಲಿ ನೀರು ಉಳಿಸುವುದು. ಉಳಿದ ನೀರಿನಲ್ಲಿ ಎಲೆ ನೆನೆಯುತ್ತಲೇ ಇರುತ್ತದೆ, ಮುಂದಿನ ಸಲ ಕಹಿ ಗ್ಯಾರಂಟಿ. ಕೊನೆಯ ಹನಿವರೆಗೂ ಬಗ್ಗಿಸಿ. ಕೈ ಸುಡುತ್ತಿದ್ದರೆ ಗೈವಾನನ್ನು ಕಂಠದವರೆಗೆ ತುಂಬುತ್ತಿದ್ದೀರಿ ಎಂದರ್ಥ. ಅಂಚಿನಿಂದ ಅರ್ಧ ಬೆರಳು ಕೆಳಗೆ ನಿಲ್ಲಿಸಿ.

ಕಹಿಯಾದರೆ ಮೊದಲು ಸಮಯ ಕಡಿಮೆ ಮಾಡಿ. ಆಮೇಲೆ ಎಲೆ. ನೀರಿನ ಬಿಸಿ ಇಳಿಸುವುದು ಕೊನೆಯ ಉಪಾಯ. ಸಾಮಾನ್ಯವಾಗಿ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಆಫೀಸಿನಲ್ಲಿ ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ: 200 ಮಿಲಿ ಮಗ್ಗಿಗೆ 3 ಗ್ರಾಂ, ಮೂರು ನಿಮಿಷ, ಎಲೆ ತೆಗೆದುಬಿಡಿ. ಅದೇ ಎಲೆ ಇನ್ನೊಂದು ಸಲಕ್ಕೆ ನಾಲ್ಕು ನಿಮಿಷ. ಚೆನ್ನಾಗಿಯೇ ಬರುತ್ತದೆ, ಆದರೆ ಸಲದಿಂದ ಸಲಕ್ಕೆ ರುಚಿ ಬದಲಾಗುವ ಮಜಾ ತಪ್ಪುತ್ತದೆ.

ಹಂತ 8: ಘಮ ಹುಡುಕುವುದು ಎಲ್ಲಿ?

ಮೊದಲು ಮುಚ್ಚಳದ ಒಳಗಡೆ. ಬಗ್ಗಿಸಿದ ತಕ್ಷಣ ಮುಚ್ಚಳ ಎತ್ತಿ ಮೂಗಿನ ಹತ್ತಿರ ಹಿಡಿಯಿರಿ. ಚೀನೀಯರು ಈ ಘಮವನ್ನು ಆರ್ಕಿಡ್ ಹೂವಿಗೆ ಹೋಲಿಸುತ್ತಾರೆ. ನಮ್ಮ ಮಲೆನಾಡಿನ ಸೀತಾಳೆ ದಂಡೆ ನೆನೆದುಕೊಂಡು ಅದೇ ವಾಸನೆ ಹುಡುಕಬೇಡಿ, ಅವರು ಹೇಳುವುದು ತಮ್ಮ ಮನೆಯ ಕುಂಡಗಳಲ್ಲಿ ಬೆಳೆಸುವ ಸಿಂಬಿಡಿಯಂ ಜಾತಿಯ ಹೂವು. ನನ್ನ ಮೂಗಿಗೆ ಅದು ಮಲ್ಲಿಗೆಗಿಂತ ಮೆತ್ತಗೆ, ಸಂಪಿಗೆಗಿಂತ ಹಗುರ, ಹಿಂದೆ ಎಲ್ಲೋ ಎಳೆ ಹುರುಳಿಕಾಯಿ ಬೇಯಿಸಿದ ಹಸಿ ಸಿಹಿ.

ಆಮೇಲೆ ಬಾಯಿ. ಬಿಸಿ ಸಾರು ಸೊರ್ ಅಂತ ಎಳೆಯುವ ಹಾಗೆ ಗಾಳಿ ಸೇರಿಸಿ ಹೀರಿ. ಮರ್ಯಾದೆಗೆ ಸದ್ದಿಲ್ಲದೆ ಕುಡಿದರೆ ಅರ್ಧ ಘಮ ತಪ್ಪಿಹೋಗುತ್ತದೆ. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡಿ. ಆಗ ಹೂವು ಗಂಟಲಿನ ಕಡೆಯಿಂದ ತಿರುಗಿ ಬರುತ್ತದೆ. ಒಂದೆರಡು ನಿಮಿಷ ಬೇರೇನೂ ತಿನ್ನಬೇಡಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಗಂಟಲಲ್ಲಿ ಸಿಹಿ ಹುಟ್ಟುತ್ತದಲ್ಲ, ಅಂಥದ್ದೇ ಒಂದು ಸಿಹಿ ಮೆಲ್ಲಗೆ ಮೇಲೇರುತ್ತದೆ. ಅದಕ್ಕೆ ಹುಯ್‌ಗಾನ್ ಎನ್ನುತ್ತಾರೆ, ಮರಳಿ ಬರುವ ಸಿಹಿ.

ಘಮ, ನುಣುಪು, ಮರಳಿ ಬರುವ ಸಿಹಿ, ಇವೆಲ್ಲ ಸೇರಿ ಬಾಯಲ್ಲಿ ಬಹಳ ಹೊತ್ತು ನಿಲ್ಲುವ ಗುಣಕ್ಕೆ ಆನ್‌ಶಿಯವರು 'ಗ್ವಾನ್ ಯಿನ್ ಯುನ್' ಎಂಬ ಹೆಸರಿಟ್ಟಿದ್ದಾರೆ. ಯುನ್ ಎಂದರೆ ಪ್ರಾಸ, ನಾದದ ಅನುರಣನೆ. ಪದ ದೊಡ್ಡದು ಎಂದು ಹೆದರಬೇಡಿ. ತಂಬೂರಿ ಮೀಟಿ ಬಿಟ್ಟ ಮೇಲೂ ಸದ್ದು ನಿಂತಿರುತ್ತದಲ್ವಾ, ಆ ಥರ. ಬೆನ್‌ಶಾನ್‌ನಂಥ ತಳಿಗಳಲ್ಲಿ ಘಮ ಇರುತ್ತದೆ, ಈ ನಿಲುಗಡೆ ಇರುವುದಿಲ್ಲ. ನಾಲ್ಕನೇ ಸಲಕ್ಕೇ ಬರೀ ಬಿಸಿನೀರಾದರೆ ನಿಮಗೆ ಸಿಕ್ಕಿರುವುದು ಬೇರೆ ತಳಿ, ಇಲ್ಲವೇ ಬೇಸಿಗೆಯ ಎಲೆ.

ಸ್ವಲ್ಪ ಹುಳಿ ಬರುತ್ತಿದೆ, ಕೆಟ್ಟಿದೆಯಾ ಎಂದು ಕೇಳುತ್ತಾರೆ. ಕೆಟ್ಟಿಲ್ಲ. ತಿಳಿ ಬಗೆಯಲ್ಲಿ ಬೇಕೆಂದೇ ಎಲೆಯನ್ನು ಹೆಚ್ಚು ಹೊತ್ತು ಬಿಟ್ಟು, ಬಾಣಲೆಗೆ ತಡವಾಗಿ ಹಾಕಿ ಹುಳಿ ತರಿಸುವ ಪದ್ಧತಿ ಇದೆ. ಇಷ್ಟಪಡುವವರೂ ಇದ್ದಾರೆ. ನನಗೆ ಸೇರುವುದಿಲ್ಲ.

ಹಂತ 9: ಅರಳಿದ ಎಲೆ ಬಿಡಿಸಿ ನೋಡಿ

ಕೊನೆಗೆ ಎಲೆಯನ್ನು ತಟ್ಟೆಗೆ ಹಾಕಿ ಬಿಡಿಸಿ. ದಪ್ಪಗೆ, ರೇಷ್ಮೆಬಟ್ಟೆಯಂತೆ ಮೆತ್ತಗಿರಬೇಕು. ನಿಜವಾದ ತಳಿಯ ಎಲೆಯ ತುದಿ ಸ್ವಲ್ಪ ಒಂದು ಪಕ್ಕಕ್ಕೆ ವಾಲಿರುತ್ತದೆ. ಅಲ್ಲಿಯ ರೈತರು ಈ ಗಿಡವನ್ನು 'ಸೊಟ್ಟಬಾಲದ ಪೀಚ್' ಎಂದೇ ಕರೆಯುತ್ತಾರೆ. ಹಳೆಯ ಪದ್ಧತಿಯ ಎಲೆಯಲ್ಲಿ ನಡುವೆ ಹಸಿರು, ಅಂಚಿನಲ್ಲಿ ಕೆಂಪುಗೆರೆ ಕಾಣುತ್ತದೆ. ತಿಳಿ ಬಗೆಯಲ್ಲಿ ಅಂಚು ಹರಿದಂತಿದ್ದರೆ ಗಾಬರಿ ಬೇಡ. ನೀರಿನ ಬಣ್ಣ ತಿಳಿಯಾಗಿರಲಿ ಎಂದು ಆ ಕೆಂಪು ಅಂಚನ್ನು ತಯಾರಿಸುವಾಗಲೇ ಬಡಿದು ಉದುರಿಸಿರುತ್ತಾರೆ.

ಹಂತ 10: ಎತ್ತಿಡುವುದು

ತಿಳಿ ಬಗೆಯನ್ನು ಗಾಳಿಯಾಡದ ಪೊಟ್ಟಣದಲ್ಲಿ ಫ್ರಿಜ್‌ನಲ್ಲಿಡಿ. ನಾನೊಮ್ಮೆ ಬಾಯಿ ಸರಿಯಾಗಿ ಮುಚ್ಚದೆ ಇಟ್ಟು, ಇಂಗು ಹಾಕಿದ ಸಾರಿನ ವಾಸನೆಯ ಊಲಾಂಗ್ ಕುಡಿದಿದ್ದೇನೆ. ಹೊರತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೂ ಬಿಚ್ಚಬೇಡಿ. ತಣ್ಣನೆಯ ಎಲೆಗೆ ಗಾಳಿಯ ತೇವ ಕೂಡಲೇ ಅಂಟಿಕೊಳ್ಳುತ್ತದೆ. ಗಾಢ ಬಗೆಗೆ ಫ್ರಿಜ್ ಬೇಡ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಸಾಂಬಾರಪುಡಿಯಿಂದ ದೂರವಿದ್ದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಪುಟ್ಟ ಪೊಟ್ಟಣಗಳನ್ನೇ ನಂಬಿ.

ಉಳಿದ ಪ್ರಶ್ನೆಗಳು

ಹಾಲು, ಸಕ್ಕರೆ ಹಾಕಬಹುದಾ? ನಿಮ್ಮ ದುಡ್ಡು, ನಿಮ್ಮ ಚಹಾ. ಆದರೆ ಹಾಲು ಬಿದ್ದರೆ ಹೂವು ಮುಗಿಯಿತು.

ಖಾಲಿ ಹೊಟ್ಟೆಗೆ ಕುಡಿಯಬಹುದಾ? ತಿಳಿ ಬಗೆ ಬೇಡ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ತಿಂಡಿ ಆದ ಮೇಲೆ ಕುಡಿಯಿರಿ. ಸಂಜೆ ಏಳರ ಮೇಲೆ ಯಾವ ಬಗೆಯೂ ಬೇಡ, ನಿದ್ದೆ ಹಾರಿಹೋಗುತ್ತದೆ.

ಇದನ್ನು ಟೀ ಅನ್ನಬೇಕಾ, ಚಹಾ ಅನ್ನಬೇಕಾ? ಎರಡೂ ಚೀನಾದ ಪದಗಳೇ. ಚಹಾ ಎಂಬುದು 'ಚಾ' ಇಂದ ಬಂದದ್ದು. ಟೀ ಎಂಬುದು ದಕ್ಷಿಣ ಫುಜಿಯಾನಿನ ಆಡುಮಾತಿನ 'ತೇ', ಡಚ್ ವರ್ತಕರ ಮೂಲಕ ಯುರೋಪಿಗೆ ಹೋಗಿ, ಇಂಗ್ಲಿಷಿನ ಜೊತೆ ನಮ್ಮಲ್ಲಿಗೆ ಬಂತು. ಆನ್‌ಶಿಯ ಹಳ್ಳಿಗರ ಬಾಯಲ್ಲಿ ಇವತ್ತಿಗೂ ಅದು 'ತೇ'. ಹಾಗಾಗಿ ಈ ಒಂದು ಚಹಾಕ್ಕೆ ಟೀ ಎಂದರೇ ಹೆಚ್ಚು ಸರಿ.

ಉಳಿದ ಎಲೆಯನ್ನು ನಾಳೆಗೆ ಇಡಬಹುದಾ? ಬೇಡ, ಒಂದೇ ರಾತ್ರಿಗೆ ಹುಳಿತುಬಿಡುತ್ತದೆ. ಏಳನೇ ಸಲ ಆದ ಮೇಲೂ ಘಮ ಉಳಿದಿದೆ ಅನ್ನಿಸಿದರೆ, ಆಗಲೇ ತಣ್ಣೀರು ತುಂಬಿಸಿ ಫ್ರಿಜ್‌ನಲ್ಲಿಟ್ಟು ನಾಲ್ಕು ಗಂಟೆ ಬಿಟ್ಟು ಸೋಸಿ. ಕುಡಿದಾದ ಮೇಲೆ ಎಲೆಯನ್ನು ಮಲ್ಲಿಗೆ ಗಿಡದ ಬುಡಕ್ಕೆ ಹಾಕಿ.